ಆ ಮಳೆಯಲ್ಲಿ ಬಟ್ಟೆ ಒಣಗುವುದೆಲ್ಲಿ ಮಾರಾಯ್ರೆ?

ಸೈನ್ಸ್ ಫಿಕ್ಷನ್ ಸಿನಿಮಾದವರಿಗೆ ಏಷ್ಯಾದ ಊರು ಕಂಡರೆ ಸಾಕು, ಅದೇ ನಾಳಿನ ಲೋಕ. 1972ರ ‘ಸೋಲಾರಿಸ್’ನಲ್ಲಿ ಟೋಕಿಯೊದ ರಸ್ತೆಗಳೇ ಭವಿಷ್ಯದ ನಗರ. 2013ರ ‘ಹರ್’ನಲ್ಲಿ ಶಾಂಘೈಯ ಕಟ್ಟಡಗಳು ನಾಳಿನ ಲಾಸ್ ಏಂಜಲೀಸ್ ಆದವು. ಇರಲಿ.

ನನ್ನ ತಕರಾರು ಮಳೆಯದ್ದು. ಇಂಥ ಸಿನಿಮಾಗಳಲ್ಲಿ ಜಾಸ್ತಿ ರಾತ್ರಿಯೇ, ಬಣ್ಣದ ದೀಪ, ಧೋ ಅಂತ ಮಳೆ. ಹೀರೋ ಉದ್ದ ಕೋಟು ಹಾಕಿ ಸುಮ್ನೆ ನೆನೆಯುತ್ತಾನೆ. ಮರುದಿನ ಅದೇ ಕೋಟು, ಗರಿಗರಿ! ಹೇಗೆ?

ಇಲ್ಲಿ ಮಂಗಳೂರಿನ ಜುಲೈ. ನನ್ನ ಜೀನ್ಸ್ ಮೂರು ದಿನದಿಂದ ಫ್ಯಾನಿನಡಿ ನೇತಾಡುತ್ತಿದೆ. ಸೊಂಟದ ಪಟ್ಟಿ ಇನ್ನೂ ಚಂಡಿ. ಬೆಲ್ಟಿಗೆ ಹಸಿರು ಬೂಷ್ಟು. ಕೊಡೆ ನಿನ್ನೆ ಹಂಪನಕಟ್ಟೆಯಲ್ಲಿ ಉಲ್ಟಾ ಆಯಿತು. ಹಾರುವ ಕಾರು ಆಮೇಲೆ ತೋರಿಸಿ, ಮೊದಲು ಆ ಕೋಟು ಎಲ್ಲಿ ಒಣಗಿಸಿದ್ದು ಹೇಳಿ. ಅಷ್ಟರಲ್ಲಿ ಕರೆಂಟೂ ಹೋಯಿತು.