ಬಚ್ಚಲುಮನೆಯ ಚಳಿಗಾಲ

ಮೈಸೂರಿಗೆ ಬರುವ ಚಳಿ ಮನೆಯೊಳಗೆ ಎಲ್ಲ ಕಡೆ ಓಡಾಡುವುದಿಲ್ಲ. ಹಜಾರದಲ್ಲಿ ಒಂದು ಶಾಲು, ಮಲಗುವ ಕೋಣೆಯಲ್ಲಿ ಒಂದು ರಗ್ಗು ಕೊಟ್ಟರೆ ತೆಪ್ಪಗಾಗುತ್ತದೆ. ಅದರ ಠಿಕಾಣಿ ಬಚ್ಚಲುಮನೆ. ಧನುರ್ಮಾಸದ ಬೆಳಗಿನ ಜಾವ ಹೊರಗೆ ಇರುವುದು 15–16 ಡಿಗ್ರಿ. ಹಿಮ ಬೀಳುವ ದೇಶದವರು ಕೇಳಿದರೆ ಇದಕ್ಕೆ ಚಳಿ ಅನ್ನುತ್ತೀರಾ ಎಂದು ನಕ್ಕಾರು. ನಗಲಿ. ರಾತ್ರಿಯೆಲ್ಲ ತಾರಸಿಯ ಟ್ಯಾಂಕಿನಲ್ಲಿ ನಕ್ಷತ್ರ ಎಣಿಸುತ್ತ ಮಲಗಿದ್ದ ನೀರು ಒಂದೇ ಒಂದು ಚೊಂಬು ಅವರ ಬೆನ್ನ ಮೇಲೆ ಬೀಳಲಿ, ಆಮೇಲೆ ಮಾತಾಡೋಣ. ಹುಗ್ಗಿಯ ಆಸೆಗೆ ಸೂರ್ಯ ಹುಟ್ಟುವ ಮುಂಚೆ ಮಿಂದವರಿಗೆ ಮಾತ್ರ ಆ ನೀರಿನ ಗುಣ ಗೊತ್ತು.

ಹಾಗಾಗಿ ಈ ಕಡೆ ಮನೆಯನ್ನು ಬೆಚ್ಚಗಿಡುವುದು ಎಂದರೆ ಒಂದು ಬಕೆಟ್ ನೀರನ್ನು ಬೆಚ್ಚಗಿಡುವುದು. ಅದಕ್ಕೊಂದು ಪಂಚಾಂಗವೂ ಇದೆ. ಆಶ್ವಯುಜ ಬಹುಳ ಚತುರ್ದಶಿಯ ಎಣ್ಣೆಸ್ನಾನಕ್ಕೆ ಶುರುವಾಗಿ, ಮಾಘ ಬಹುಳ ಚತುರ್ದಶಿಗೆ, ಅಂದರೆ ‘ಶಿವ ಶಿವಾ’ ಎನ್ನುತ್ತ ಚಳಿ ಓಡಿಹೋಗುವ ಶಿವರಾತ್ರಿಗೆ ಮುಗಿಯುತ್ತದೆ. ಚತುರ್ದಶಿಯಿಂದ ಚತುರ್ದಶಿಗೆ ನಾಲ್ಕು ಚಾಂದ್ರಮಾಸ, ಸುಮಾರು 118 ದಿನ. ಋತುವಿನ ಉದ್ಘಾಟನೆಯೂ ಹಿಂದಿನ ಸಂಜೆ ಹಂಡೆ ತಿಕ್ಕಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದು, ನೀರು ತುಂಬುವ ಹಬ್ಬದಿಂದಲೇ. ವರ್ಷಕ್ಕೊಮ್ಮೆ ನೀರು ಕಾಯಿಸುವ ಸಾಮಾನನ್ನು ಪೂರ್ತಿ ಖಾಲಿ ಮಾಡಿ ತೊಳೆಯಬೇಕು ಎಂಬುದನ್ನು ಇಷ್ಟು ಚೆಂದವಾಗಿ ಹೇಳಿದ ಗೀಸರ್ ಕಂಪನಿ ಇನ್ನೂ ಹುಟ್ಟಿಲ್ಲ. ನಾವು ಹಂಡೆ ಬಿಟ್ಟೆವು, ಹಬ್ಬ ಉಳಿಸಿಕೊಂಡೆವು, ತಿಕ್ಕುವುದನ್ನು ಮರೆತೆವು.

ಮೊದಲು ಬಕೆಟ್ಟಿನ ಲೆಕ್ಕ ಆಗಿಬಿಡಲಿ. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಏರಿಸಲು 1.16 ವಾಟ್-ಗಂಟೆ ಬೇಕು. ಬೆಳಗಿನ ಟ್ಯಾಂಕಿನ ನೀರು ಹತ್ತಿರ ಹತ್ತಿರ 20 ಡಿಗ್ರಿ, ಮೈಗೆ ಹಿತವಾದದ್ದು 40. ಇಪ್ಪತ್ತು ಲೀಟರಿನ ಬಕೆಟ್ಟಿಗೆ ತಗಲುವುದು 465 ವಾಟ್-ಗಂಟೆ, ಅರ್ಧ ಯೂನಿಟ್ಟಿಗೂ ಕಡಿಮೆ. ನಾಲ್ಕು ಜನರ ಮನೆಗೆ ದಿನಕ್ಕೆ ಎರಡು ಯೂನಿಟ್. ಇದು ನೀರಿಗೆ ಸಲ್ಲಬೇಕಾದ ನ್ಯಾಯವಾದ ಬಾಕಿ. ಸೌದೆಯಾಗಲಿ, ಗ್ಯಾಸಾಗಲಿ, ಕರೆಂಟಾಗಲಿ, ಇದರಲ್ಲಿ ಚೌಕಾಸಿ ನಡೆಯುವುದಿಲ್ಲ. ಬಿಲ್ಲು ಇದಕ್ಕಿಂತ ಮೇಲೆ ಏರಿದರೆ ಮಿಕ್ಕ ಬಿಸಿ ಮೈಗೆ ತಲುಪದೆ ದಾರಿಯಲ್ಲೇ ಎಲ್ಲೋ ಇಳಿದುಹೋಗುತ್ತಿದೆ ಎಂದರ್ಥ.

ಹಂಡೆಯೊಲೆಯಲ್ಲಿ ಅದು ಇಳಿಯುತ್ತಿದ್ದ ಜಾಗ ಕಣ್ಣಿಗೇ ಕಾಣುತ್ತಿತ್ತು. ತೆರೆದ ಒಲೆಯ ಉರಿ ಹಂಡೆಯ ತಳ ನೆಕ್ಕುವುದಕ್ಕಿಂತ ಪಕ್ಕದಿಂದ ಎದ್ದು ಹೆಂಚಿನ ಕಡೆ ಹೋಗುವುದೇ ಜಾಸ್ತಿ. ಮಂಡ್ಯದ ಹಳ್ಳಿಗಳಲ್ಲಿ ಕಬ್ಬಿನ ತರಗು, ತೆಂಗಿನ ಸೋಗೆ, ಮಟ್ಟೆ ಯಾವುದಕ್ಕೂ ಕಾಸು ಕೊಡಬೇಕಿಲ್ಲದ್ದರಿಂದ ಈ ನಷ್ಟವನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಸೋಗೆ ಭಗ್ಗನೆ ಹತ್ತಿ ಭಗ್ಗನೆ ಆರುತ್ತದೆ, ಪಕ್ಕದಲ್ಲಿ ಒಬ್ಬರು ಕೂತೇ ಇರಬೇಕು. ಮಟ್ಟೆ ನಿಧಾನಕ್ಕೆ ಕೆಂಡವಾಗುತ್ತ ಕೂರುತ್ತದೆ. ಸೋಗೆಯಲ್ಲಿ ಹೊತ್ತಿಸಿ ಮಟ್ಟೆಯಲ್ಲಿ ನಿಲ್ಲಿಸುವುದು ಬಲ್ಲವರ ಕ್ರಮ. ಹಂಡೆಯನ್ನು ಕತ್ತಿನವರೆಗೆ ಮಣ್ಣಿನ ಕಟ್ಟೆಯಲ್ಲಿ ಹೂತು, ಹೊಗೆಗೆ ಒಂದು ಕೊಳವೆ ಕೊಟ್ಟರೆ ಉರಿ ಹಂಡೆಯ ಹೊಟ್ಟೆಯನ್ನು ಸುತ್ತಿಕೊಂಡೇ ಹೊರಗೆ ಹೋಗಬೇಕಾಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ, ಹಳ್ಳಿಗಳಿಗೆ ಹೊಂದುವ ತಂತ್ರಜ್ಞಾನದ ‘ಅಸ್ತ್ರ’ ಕೇಂದ್ರದ ಒಲೆಗಳ ಗುಟ್ಟೂ ಹೀಗೆ ಉರಿಯನ್ನು ಮುಚ್ಚಿ ಪಾತ್ರೆಗೆ ತಾಕಿಸಿ ಕಳಿಸುವುದೇ. ಇನ್ನು ತಳದ ಮಸಿ: ತೆಳ್ಳಗಿದ್ದರೆ ಬಿಸಿ ಹೀರಲು ಒಳ್ಳೆಯದು, ಬೆರಳಲ್ಲಿ ಕೆರೆದರೆ ಹಪ್ಪಳದಂತೆ ಏಳುವಷ್ಟಾದರೆ ಅದೇ ಅಡ್ಡಗೋಡೆ.

ಮಂಡ್ಯ ಜಿಲ್ಲೆಯ ಶಿವನಸಮುದ್ರದಲ್ಲಿ 1902ರಲ್ಲೇ ಕರೆಂಟು ಹುಟ್ಟಿತು. ಹುಟ್ಟಿದ್ದೇ ಕೋಲಾರದ ಚಿನ್ನದ ಗಣಿಗೆ ಹೋಯಿತು. ಮಗ್ಗುಲಲ್ಲಿದ್ದ ಬಚ್ಚಲುಮನೆಗಳಿಗೆ ಅದು ಬಂದು ಸೇರುವಷ್ಟರಲ್ಲಿ ಹಂಡೆಯಲ್ಲಿ ಮಿಂದ ಎರಡು ತಲೆಮಾರು ದಾಟಿತ್ತು. ಬಂದದ್ದು ಗೀಸರ್ ರೂಪದಲ್ಲಿ, ಗೋಡೆಯ ಮೇಲೆ, ಬಿಳಿ ಬಟ್ಟೆ ತೊಟ್ಟ ಅತಿಥಿಯ ಹಾಗೆ.

ಈ ಅತಿಥಿಯನ್ನು ಇಡೀ ದಿನ ಎಬ್ಬಿಸಿಟ್ಟಿರಬಾರದು. 25 ಲೀಟರಿನ ಹಳೆಯ ಗೀಸರ್ ದಿನವಿಡೀ ಆನ್ ಇದ್ದರೆ, ಒಬ್ಬರೂ ನಲ್ಲಿ ತಿರುಗಿಸದಿದ್ದರೂ ಒಂದು ಯೂನಿಟ್ಟಿನ ಆಸುಪಾಸು ಮೈಯಿಂದಲೇ ಸೋರಿಹೋಗುತ್ತದೆ. ಎರಡು ಬಕೆಟ್ ಸ್ನಾನ ಗೋಡೆಗೆ ಮಾಡಿಸಿದ ಹಾಗೆ. 20ರಿಂದ 60 ಡಿಗ್ರಿಗೆ ಏರಲು 2000 ವಾಟಿನ ಕಾಯಿಲ್‌ಗೆ 35 ನಿಮಿಷ ಸಾಕು. ಕಾಫಿಗೆ ಡಿಕಾಕ್ಷನ್ ಹಾಕುವಾಗ ಸ್ವಿಚ್ ಒತ್ತಿದರೆ, ಕಾಫಿ ಕುಡಿದು ಪೇಪರಿನ ಕೊನೆಯ ಪುಟಕ್ಕೆ ಬರುವಷ್ಟರಲ್ಲಿ ನೀರು ಸಿದ್ಧ. ಥರ್ಮೋಸ್ಟಾಟನ್ನು 75ಕ್ಕೆ ತಿರುಗಿಸಿಟ್ಟು, ಆಮೇಲೆ ಅರ್ಧ ಬಕೆಟ್ಟಿಗೂ ಹೆಚ್ಚು ತಣ್ಣೀರು ಬೆರೆಸುವವರ ತರ್ಕ ಅರ್ಥವಾಗುವುದಿಲ್ಲ. ಸೋರುವ ಬಿಸಿಯೂ ಹೆಚ್ಚು, ಒಳಗೆ ಸುಣ್ಣ ಕಟ್ಟುವ ವೇಗವೂ ಹೆಚ್ಚು. 55ರಿಂದ 60 ಸರಿಯಾದ ಜಾಗ. ಉಳಿತಾಯದ ಭರದಲ್ಲಿ 45ಕ್ಕೆ ಇಳಿಸುವುದೂ ಬೇಡ. ಉಗುರುಬೆಚ್ಚಗಿನ ನಿಂತ ನೀರು ರೋಗಾಣುಗಳಿಗೆ ಪ್ರಿಯವಾದ ಬಿಡಾರ.

ಸುಣ್ಣದ ವಿಷಯದಲ್ಲಿ ಮೈಸೂರು ಎರಡು ಊರು. ಕಾವೇರಿ, ಕಬಿನಿ ನೀರು ಬರುವ ಬಡಾವಣೆಗಳ ಗೀಸರ್ ದೀರ್ಘಾಯುಷಿ. ರಿಂಗ್ ರಸ್ತೆಯಾಚೆ ಬೋರ್‌ವೆಲ್ ನಂಬಿದ ಮನೆಗಳದ್ದು ಅಲ್ಪಾಯುಷಿ. ಕಾಯುವಾಗ ಒಳಗಿಂದ ಚಿಟಚಿಟ ಸದ್ದು, ಮೊದಲಿಗಿಂತ ಹತ್ತು ನಿಮಿಷ ತಡ — ಇವು ಕಾಯಿಲ್ ಸುಣ್ಣದ ಅಂಗಿ ತೊಟ್ಟಿದೆ ಎಂಬ ಸೂಚನೆ. ಬಿಸಿ ಆ ಅಂಗಿ ದಾಟಿ ನೀರಿಗೆ ಹೋಗಲಾರದೆ ಕಾಯಿಲ್ಲೇ ಬೆಂದು ಬಿರಿಯುತ್ತದೆ. ಬೋರ್ಡಿನ ಎಂಸಿಬಿ ಸ್ವಿಚ್ ಇಳಿಸಿ, ನೀರು ಬಸಿದು, ಕಾಯಿಲ್ ಬಿಚ್ಚಿಸಿ, ಲೀಟರ್ ನೀರಿಗೆ 50 ಗ್ರಾಂ ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ) ಕರಗಿಸಿ ಒಂದೆರಡು ಗಂಟೆ ನೆನೆಹಾಕಿದರೆ ಸುಣ್ಣ ನೊರೆನೊರೆಯಾಗಿ ಬಿಡುತ್ತದೆ. ಸುತ್ತಿಗೆಯಲ್ಲಿ ಬಡಿದು ಉದುರಿಸುವ ಮಹಾನುಭಾವರಿದ್ದಾರೆ, ಅವರನ್ನು ದೂರವಿಡಿ. ಅದೇ ಹೊತ್ತಿಗೆ ಆನೋಡ್ ಎಂಬ ಮೆಗ್ನೀಸಿಯಂ ಕಡ್ಡಿಯನ್ನೂ ನೋಡಿಸಬೇಕು. ಟ್ಯಾಂಕಿನ ಬದಲು ತಾನು ಸವೆಯುವುದಕ್ಕೇ ಅದು ಒಳಗೆ ಕೂತಿರುತ್ತದೆ. ಸವೆದು ತಂತಿಯಾಗಿದ್ದರೆ ಮುಂದಿನ ಸರದಿ ಟ್ಯಾಂಕಿನದು.

ಕಾಯುವಾಗ ಸೇಫ್ಟಿ ವಾಲ್ವಿನಿಂದ ತೊಟ್ಟಿಕ್ಕುತ್ತದೆ ಎಂದು ಪ್ಲಂಬರನ್ನು ಕರೆಸಿ ಅದಕ್ಕೆ ಬಿರಡೆ ಹೊಡೆಸುವ ಮನೆಗಳೂ ಇವೆ. 25 ಲೀಟರ್ ನೀರು 60ಕ್ಕೆ ಏರುವಾಗ ಸುಮಾರು 400 ಮಿಲಿ ಉಬ್ಬುತ್ತದೆ. ಹಿಂದಕ್ಕೆ ಹೋಗಲು ದಾರಿ ಇಲ್ಲದಿದ್ದರೆ ಅದು ವಾಲ್ವಿನಿಂದಲೇ ಹೊರಬರಬೇಕು. ಕಾಯುವಾಗ ಮಾತ್ರ ತೊಟ್ಟಿಕ್ಕಿದರೆ ಅದು ಆರೋಗ್ಯದ ಬೆವರು. ಹಗಲೂ ರಾತ್ರಿ ಸುರಿದರೆ ಮಾತ್ರ ಪ್ಲಂಬರ್. ಬಾಯಿ ಕಟ್ಟಿದರೆ ಬಾಂಬು.

ಬಾಡಿಗೆ ಮನೆಯ ಬ್ರಹ್ಮಚಾರಿಗಳ ಇಷ್ಟದೈವವಾದ ಕಾಯಿಲ್ ರಾಡ್ ಲೆಕ್ಕದಲ್ಲಿ ಬಲು ಪ್ರಾಮಾಣಿಕ: ಬೇಕಾದಷ್ಟೇ ನೀರು, ಬೇಕಾದ ಜಾಗದಲ್ಲೇ. 1500 ವಾಟಿನದು ಒಂದು ಬಕೆಟ್ಟಿಗೆ ಇಪ್ಪತ್ತು ನಿಮಿಷಕ್ಕಿಂತ ಜಾಸ್ತಿ ತೆಗೆದುಕೊಳ್ಳುವುದಿಲ್ಲ. ಅದರ ಸಿಟ್ಟು ಮಾತ್ರ ದೂರ್ವಾಸರದ್ದು. ಅರ್ಥಿಂಗ್ ಇರುವ 16 ಆಂಪಿಯರ್ ಸಾಕೆಟ್ಟು, ಮೆಯಿನ್ ಬೋರ್ಡಿನಲ್ಲಿ ಕರೆಂಟು ಸೋರಿದೊಡನೆ ತಾನೇ ಕಡಿದುಬಿಡುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಇಲ್ಲದ ಮನೆಯಲ್ಲಿ ಅದನ್ನು ಇಡಬಾರದು. ಲೋಹದ ಬಕೆಟ್ ಬೇಡ. ಕಾದಿದೆಯೇ ಎಂದು ನೋಡುವ ಮುಂಚೆ ಸ್ವಿಚ್ ಆರಿಸಿದರೆ ಸಾಲದು, ಪಿನ್ನು ಕೀಳಬೇಕು. ನೀರಿಂದ ತೆಗೆದ ಮೇಲೂ ಅದು ನಿಗಿನಿಗಿ ಇರುತ್ತದೆ, ಪ್ಲಾಸ್ಟಿಕ್ ಬಕೆಟ್ಟಿನ ಅಂಚಿಗೆ ನೇತುಹಾಕಿದರೆ ಅಂಚು ಕರಗಿ ಸೊಟ್ಟಗಾಗುತ್ತದೆ.

ಗ್ಯಾಸ್ ಗೀಸರ್ ಬಗ್ಗೆ ಲಘುವಾಗಿ ಬರೆಯುವುದು ತಪ್ಪು. ಅದನ್ನು ಬಚ್ಚಲುಮನೆಯ ಒಳಗೆ ಕೂರಿಸಲೇಬಾರದು. ಚಳಿಯೆಂದು ಕಿಟಕಿ ಬಾಗಿಲು ಮುಚ್ಚಿದ ಪುಟ್ಟ ಕೋಣೆಯಲ್ಲಿ ಉರಿಗೆ ಗಾಳಿ ಸಾಲದೆ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಮಿಂದವರು ಆಚೆ ಬರುವುದಿಲ್ಲ. ಯುಟಿಲಿಟಿಯಲ್ಲೋ ಗಾಳಿಯಾಡುವ ಹಿತ್ತಲ ಗೋಡೆಗೋ ಹಾಕಿಸಿ, ಪೈಪಿನಲ್ಲಿ ನೀರು ಮಾತ್ರ ಒಳಗೆ ತರಬೇಕು. ಬಾಣಂತಿ ಕೋಣೆಯ ಇದ್ದಿಲ ಕೆಂಡಕ್ಕೂ ಇದೇ ಮಾತು. ಮಗುವಿನ ತಲೆಗೆ ಸಾಂಬ್ರಾಣಿ ಹಿಡಿಯುವಷ್ಟು ಹೊತ್ತು ಸರಿ. ಬಾಗಿಲು ಹಾಕಿಕೊಂಡು ಮಂಚದ ಕೆಳಗೆ ರಾತ್ರಿಯೆಲ್ಲ ಕೆಂಡ ಇಡುವುದು ಅಜ್ಜಿ ಹೇಳಿದರೂ ಸಲ್ಲದು. ಅಜ್ಜಿಯ ಕಾಲದ ಹೆಂಚಿನ ಮನೆಗೆ ನೂರು ಸಂದು. ಈಗಿನ ಆರ್‌ಸಿಸಿ ಕೋಣೆ, ಅಲ್ಯುಮಿನಿಯಂ ಕಿಟಕಿ ಉಸಿರೂ ಬಿಡುವುದಿಲ್ಲ.

ಇನ್ನು ತಾರಸಿಗೆ ಹತ್ತೋಣ. ಮೈಸೂರಿನ ಯಾವ ತಾರಸಿಯಿಂದ ನೋಡಿದರೂ ಚಾಮುಂಡಿಬೆಟ್ಟ ಕಾಣುತ್ತದೋ ಇಲ್ಲವೋ, ನೀರು ಕಾಯಿಸುವ ಎಂಟು ಹತ್ತು ಸೋಲಾರ್ ಮಾತ್ರ ಕಾಣುತ್ತದೆ. ಮೂವರ ಮನೆಗೆ 100 ಲೀಟರ್, ಐವರಿಗೆ 200, ಮುಖ ದಕ್ಷಿಣಕ್ಕೆ. ಮೈಸೂರು ಇರುವುದು 12.3 ಡಿಗ್ರಿ ಅಕ್ಷಾಂಶದಲ್ಲಿ. ಡಿಸೆಂಬರಿನ ನಡುಹಗಲಲ್ಲೂ ಸೂರ್ಯ ಏರುವುದು 54 ಡಿಗ್ರಿಗೆ. ಆದ್ದರಿಂದ ಚಳಿಗಾಲದ ಬಿಸಿಲು ಹಿಡಿಯಲು ಪ್ಯಾನೆಲ್ಲು 25 ಡಿಗ್ರಿ ಆಸುಪಾಸು ಓರೆಯಾಗಿರಬೇಕು. ದಕ್ಷಿಣದ ಪಕ್ಕದ ಮನೆಯವರು ಇನ್ನೊಂದು ಮಹಡಿ ಎತ್ತಿದರೆ ಗೃಹಪ್ರವೇಶದ ಊಟ ಉಂಡು ಬರುವುದರ ಜೊತೆಗೆ ಲೆಕ್ಕವನ್ನೂ ಹಾಕಿ: ಪ್ಯಾನೆಲ್ಲಿಗಿಂತ ಹತ್ತಡಿ ಎತ್ತರದ ಗೋಡೆ ಡಿಸೆಂಬರ್ ಮಧ್ಯಾಹ್ನ ಏಳಡಿ ನೆರಳು ಚೆಲ್ಲುತ್ತದೆ, ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಹದಿನೇಳು ಹದಿನೆಂಟಡಿ. ಮೇ ತಿಂಗಳಲ್ಲಿ ಜಾಗ ನೋಡಿ ಕೂರಿಸಿದವರು ಮೋಸ ಹೋಗುವುದು ಇಲ್ಲಿಯೇ.

ಮಳೆ ನಿಂತ ಮೇಲೆ ಗಾಜಿನ ಧೂಳು ತೊಳೆಯುವವರು ನಾವೇ. ಹದಿನೈದು ದಿನಕ್ಕೊಮ್ಮೆ, ಅದೂ ಬಿಸಿಲೇರುವ ಮುಂಚೆ. ಕಾದ ಗಾಜಿಗೆ ತಣ್ಣೀರು ಎರಚಿದರೆ ಚಟಾರನೆ ಸೀಳೀತು. ಟ್ಯೂಬಿನ ಮಾದರಿಯಾದರೆ ತುದಿಗಳನ್ನು ಗಮನಿಸಿ. ಒಳ್ಳೆಯ ಟ್ಯೂಬಿನ ತಳ ಬೆಳ್ಳಿಯ ಹಾಗೆ ಹೊಳೆಯುತ್ತದೆ. ಎರಡು ಗಾಜಿನ ನಡುವಿನ ನಿರ್ವಾತ ಕೆಟ್ಟು ಗಾಳಿ ಹೊಕ್ಕರೆ ಆ ಬೆಳ್ಳಿ ಹಾಲಿನಂತೆ ಬೆಳ್ಳಗಾಗುತ್ತದೆ. ಬಿಸಿಲಿದ್ದೂ ನೀರು ಕಾಯದಿದ್ದರೆ ಮೊದಲು ನೋಡಬೇಕಾದದ್ದು ಇದನ್ನೇ. ಮೇಲೆದ್ದು ನಿಂತ ಗಾಳಿಕೊಳವೆಯ ಬಾಯಿಗೆ ಕಣಜ ಗೂಡು ಕಟ್ಟಿದೆಯೇ ಎಂದೂ ನೋಡಿ. ಅದು ಮುಚ್ಚಿದರೆ ಟ್ಯಾಂಕು ಒಂದೋ ಉಬ್ಬುತ್ತದೆ ಇಲ್ಲವೇ ಸೊಟ್ಟಗಾಗಿ ಒಳಕ್ಕೆ ಹೋಗುತ್ತದೆ.

ಬೆಳಿಗ್ಗೆ ಆರಕ್ಕೆ ಸಿಗುವುದು ನಿನ್ನೆಯ ಬಿಸಿಲು ಎಂಬುದನ್ನು ಮನೆಮಂದಿಗೆಲ್ಲ ತಿಳಿಸಿ ಹೇಳಬೇಕು. ಸಂಜೆ ಪಾತ್ರೆ ತೊಳೆಯಲು ಮೇಲಿನಿಂದ ಒಂದು ಬಕೆಟ್ ಬಿಸಿನೀರು ಎಳೆದರೆ, ತಳದಿಂದ ಅಷ್ಟೇ ತಣ್ಣೀರು ಟ್ಯಾಂಕಿಗೆ ಹೊಕ್ಕು ರಾತ್ರಿಯಿಡೀ ಮಿಕ್ಕದ್ದನ್ನು ತಣಿಸುತ್ತದೆ. ಸೋಲಾರಿನ ಶಾಸ್ತ್ರದಂತೆ ಸ್ನಾನಕ್ಕೆ ಪ್ರಶಸ್ತ ಮುಹೂರ್ತ ಸಂಜೆ ನಾಲ್ಕು ಗಂಟೆ. ಧನುರ್ಮಾಸದ ಶಾಸ್ತ್ರ ಬೇರೆ. ಇಬ್ಬರಿಗೂ ರಾಜಿ ಮಾಡಿಸುವ ಪುರೋಹಿತರು ಇನ್ನೂ ಸಿಕ್ಕಿಲ್ಲ.

ಇಷ್ಟೆಲ್ಲ ಮಾಡಿದ ಬಿಸಿ ಕಳೆದುಹೋಗುವುದು ಪೈಪಿನಲ್ಲಿ. ತಾರಸಿಯಿಂದ ಕೆಳಗಿನ ಬಚ್ಚಲಿಗೆ ಮುಕ್ಕಾಲು ಇಂಚಿನ ಪೈಪು ಹದಿನೈದು ಮೀಟರ್ ಇದ್ದರೆ ಅದರ ಹೊಟ್ಟೆಯಲ್ಲಿ ಸುಮಾರು ನಾಲ್ಕು ಲೀಟರ್. ಮೊದಲು ಆ ತಣ್ಣೀರು ಹೋಗಬೇಕು. ‘ಬಿಸಿ ಬರ್ತಾನೇ ಇಲ್ವಲ್ಲೇ!’ ಎಂಬ ಕೂಗು ಆ ನಾಲ್ಕು ಲೀಟರಿನದು. ಮಿಂದಾದ ಮೇಲೆ ಮತ್ತೆ ನಾಲ್ಕು ಲೀಟರ್ ಬಿಸಿನೀರು ಪೈಪಿನಲ್ಲೇ ಉಳಿದು ತಣ್ಣಗಾಗುತ್ತದೆ. ಒಬ್ಬರು ಆರಕ್ಕೆ, ಇನ್ನೊಬ್ಬರು ಏಳೂವರೆಗೆ, ಮಗರಾಯ ಒಂಬತ್ತಕ್ಕೆ ಎಂದರೆ ಮೂರು ಸಲ ಈ ಸುಂಕ. ಒಬ್ಬರ ಹಿಂದೊಬ್ಬರು ಮಿಂದರೆ ಒಂದೇ ಸಲ. ಹೊರಗಿನ ಪೈಪಿಗೆ 13 ಮಿಲಿಮೀಟರ್ ದಪ್ಪದ ಕಪ್ಪು ನೈಟ್ರೈಲ್ ರಬ್ಬರಿನ ತೋಳು ತೊಡಿಸಬಹುದು, ಮೇಲೆ ಅಲ್ಯುಮಿನಿಯಂ ಟೇಪು ಸುತ್ತಲೇಬೇಕು. ಇಲ್ಲದಿದ್ದರೆ ಬಿಸಿಲು ಅದನ್ನು ಪುಡಿಮಾಡುತ್ತದೆ, ಅಳಿಲು ಗೂಡಿಗೆಂದು ಕಿತ್ತೊಯ್ಯುತ್ತದೆ. ಬೆಚ್ಚಗಿರಬೇಕು ಎಂಬ ಆಸೆ ಅಳಿಲಿಗೂ ಉಂಟು.

ಕೋಣೆ ಬೆಚ್ಚಗಿಡುವ ಹೀಟರಿನ ಮಾತನ್ನು ಬೇಗ ಮುಗಿಸಬಹುದು. 2000 ವಾಟಿನದು ಒಂದು ಗಂಟೆ ಉರಿದರೆ ನಾಲ್ವರ ಸ್ನಾನದಷ್ಟು ಕರೆಂಟು. ಸೊಳ್ಳೆಪರದೆ ಬಡಿದ ಗವಾಕ್ಷಿಗಳಿರುವ ನಮ್ಮ ಮನೆಗಳಲ್ಲಿ ಅದು ಕಾಯಿಸುವುದು ಬೀದಿಯನ್ನು. ದಕ್ಷಿಣದ ಕಿಟಕಿ ಹನ್ನೊಂದಕ್ಕೆ ತೆರೆದು ಐದಕ್ಕೆ ಮುಚ್ಚಿ. ಟೈಲ್ಸ್ ನೆಲಕ್ಕೆ ಒಂದು ಜಮಖಾನೆ ಹಾಸಿ. ನೆಲ ಕೋಣೆಗಿಂತ ತಣ್ಣಗಿರುವುದಿಲ್ಲ, ಅಂಗಾಲಿನ ಬಿಸಿಯನ್ನು ಬೇಗ ಕದಿಯುತ್ತದೆ ಅಷ್ಟೇ.

ಶಿವರಾತ್ರಿ ಕಳೆದ ಮೇಲೆ ಗೀಸರಿನ ಎಂಸಿಬಿ ಇಳಿಸಿಬಿಡಬಹುದು. ಕೆಲಸವಿಲ್ಲದೆ ನೇತಾಡುತ್ತದೆ ಎಂದುಕೊಳ್ಳಬೇಡಿ. ಏಪ್ರಿಲ್ ಮಧ್ಯಾಹ್ನ ತಾರಸಿಯ ಕಪ್ಪು ಟ್ಯಾಂಕು ಕಾದು ತಣ್ಣೀರ ನಲ್ಲಿಯಲ್ಲಿ ಸುಡುನೀರು ಬರುವಾಗ, ಬಿಸಿ ಹೊರಗೆ ಹೋಗದಿರಲೆಂದು ಗೀಸರಿನೊಳಗೆ ತುಂಬಿದ ಅದೇ ಪಫ್ ಎಂಬ ಗಟ್ಟಿ ನೊರೆಯ ಪದರ ಈಗ ಬಿಸಿ ಒಳಗೆ ಬಾರದ ಹಾಗೆ ತಡೆದು, ಮುಂಜಾನೆ ಹೊಕ್ಕ 25 ಲೀಟರ್ ನೀರನ್ನು ತಂಪಾಗಿ ಇಟ್ಟುಕೊಂಡಿರುತ್ತದೆ. ಬಲ್ಲವರು ಆಗ ಮುಖ ತೊಳೆಯಲು ಕೆಂಪು ಗುರುತಿನ ನಲ್ಲಿ ತಿರುಗಿಸುತ್ತಾರೆ.