ಬಾಲ್ ಎಲ್ಲಿದೆ ಮಾರಾಯ?

ನಾನು ತೆಗೆದ ಮೊದಲ ಕ್ರೀಡಾ ಫೋಟೋದಲ್ಲಿ ಆಟಗಾರನೂ ಇರಲಿಲ್ಲ, ಬಾಲೂ ಇರಲಿಲ್ಲ. ಖಾಲಿ ಗೋಲ್‌ಪೋಸ್ಟ್ ಇತ್ತು, ಅದರ ಮುಂದೆ ಒಂಚೂರು ಧೂಳು. ಗೋಲ್ ಆಗಿದ್ದಂತೂ ನಿಜ, ಧೂಳೇ ಸಾಕ್ಷಿ.

ಆಗ ನನಗೆ 16. ಕೈಯಲ್ಲಿ ಅಪ್ಪನ ಹಳೇ ಫಿಲಂ ಕ್ಯಾಮೆರಾ, ತಲೆಯಲ್ಲಿ ಹುಚ್ಚು. ಮುಂದಿನ ಮ್ಯಾಚಿಗೆ 36 ಫೋಟೋಗಳ ಹೊಸ ರೋಲ್ ಹಾಕಿಕೊಂಡು ಹೋದೆ. ಏನು ಹೇಳಲಿ, ಆವತ್ತು ಸಿಕ್ಕಂಥ ಕ್ಷಣಗಳು ಮತ್ತೆ ಸಿಗಲೇ ಇಲ್ಲ. ಗೋಲ್‌ಕೀಪರ್ ಗಾಳಿಯಲ್ಲಿ ಅಡ್ಡಡ್ಡ ಹಾರಿದ್ದು, ಇಬ್ಬರು ತಲೆಗೆ ತಲೆ ಗುದ್ದಿಕೊಂಡಿದ್ದು, ಎಲ್ಲಾ ಕ್ಲಿಕ್. ಲೆಕ್ಕದ ಮುಳ್ಳು 36 ದಾಟಿತು. ಒಂದೆರಡು ಜಾಸ್ತಿ ಬರುವುದು ಮಾಮೂಲಿ ಅಲ್ವಾ ಅಂದುಕೊಂಡೆ. ಆದರೆ ಫಿಲಂ ಮುಂದಕ್ಕೆ ಎಳೆಯುವ ಲಿವರ್ ಇನ್ನೂ ಬೆಣ್ಣೆಯ ಹಾಗೆ ತಿರುಗುತ್ತಲೇ ಇದೆ! ಆಮೇಲೆ ತಿಳಿದ ವಿಷಯ: ಲಿವರ್ ಎಳೆದಾಗೆಲ್ಲ ಎಡಗಡೆಯ ರಿವೈಂಡ್ ಗುಂಡಿಯೂ ತಿರುಗಬೇಕು, ತಿರುಗದಿದ್ದರೆ ಫಿಲಂ ಹಲ್ಲಿಗೆ ಸಿಕ್ಕಿಲ್ಲ ಅಂತ ಅರ್ಥ. ನನ್ನ ರೋಲ್ ಇಡೀ ಮ್ಯಾಚು ಒಳಗೆ ಹಾಯಾಗಿ ಮಲಗಿತ್ತು. ಗೆಳೆಯರ ಹತ್ತಿರ ಫಿಲಂ ತೊಳೆಯುವವನೇ ಹಾಳು ಮಾಡಿದ ಎಂದು ಹೇಳಿದೆ. ಪಾಪ, ಅವನಿಗೆ ಇವತ್ತಿಗೂ ಗೊತ್ತಿಲ್ಲ.

ಅಷ್ಟಾದರೂ ಬಿಡಲಿಲ್ಲ. ಅದಕ್ಕೆ ಕಾರಣ ನೀಲ್ ಲೈಫರ್ ಎಂಬ ಅಮೆರಿಕದ ಫೋಟೋಗ್ರಾಫರ್. ಹುಡುಗನಾಗಿದ್ದಾಗ ಆತ ಗಾಲಿಕುರ್ಚಿಯ ಮಾಜಿ ಸೈನಿಕರನ್ನು ತಳ್ಳಿಕೊಂಡು ನ್ಯೂಯಾರ್ಕಿನ ಯಾಂಕೀ ಸ್ಟೇಡಿಯಂ ಒಳಗೆ ಹೋಗುತ್ತಿದ್ದನಂತೆ, ಆ ನೆಪದಲ್ಲಿ ಮೈದಾನದ ಅಂಚಿಗೇ ಜಾಗ. 1958ರ ಡಿಸೆಂಬರ್ 28ರಂದು, ತನ್ನ 16ನೇ ಹುಟ್ಟುಹಬ್ಬದ ದಿನವೇ, ಅಲ್ಲಿ ನಡೆದ ಅಮೆರಿಕನ್ ಫುಟ್‌ಬಾಲ್ ಫೈನಲ್‌ನ ಗೆಲುವಿನ ಕ್ಷಣ ಹಿಡಿದ. 1965ರಲ್ಲಿ ಬಾಕ್ಸಿಂಗ್ ರಿಂಗ್‌ನಲ್ಲಿ ಬಿದ್ದ ಎದುರಾಳಿ ಲಿಸ್ಟನ್ ಮೇಲೆ ಅಬ್ಬರಿಸುತ್ತಿರುವ ಮಹಮ್ಮದ್ ಅಲಿಯ ಆ ಫೋಟೋ ಇದೆಯಲ್ಲ, ಅದೂ ಈತನದೇ. ಆಗ ವಯಸ್ಸು 22. ಆ ಫೋಟೋದಲ್ಲಿ ಅಲಿಯ ಕಾಲುಗಳ ನಡುವೆ ಇನ್ನೊಬ್ಬ ಫೋಟೋಗ್ರಾಫರ್ ಕಾಣುತ್ತಾರೆ, ಹರ್ಬ್ ಶಾರ್ಫ್‌ಮನ್. ಇಬ್ಬರೂ ಸ್ಪೋರ್ಟ್ಸ್ ಇಲಸ್ಟ್ರೇಟೆಡ್ ಪತ್ರಿಕೆಯವರೇ, ಇವರು ಕೂತಿದ್ದು ಮಾತ್ರ ಎದುರು ಬದಿ. ಅವರಿಗೆ ಸಿಕ್ಕಿದ್ದು ಅಲಿಯ ಬೆನ್ನು. ಲೈಫರ್ ಆಗಬೇಕು ಅಂತ ಹೊರಟವನು ನಾನು. ಆಗಿದ್ದು ಶಾರ್ಫ್‌ಮನ್. ನನ್ನ ಹತ್ತಿರ ರೆಫರಿಗಳ ಬೆನ್ನಿನ ದೊಡ್ಡ ಸಂಗ್ರಹವೇ ಇದೆ.

ಹವ್ಯಾಸ ಹೋಗಿ ಕೆಲಸ ಆದಮೇಲೆ ಎಲ್ಲರೂ ಹೇಳುವುದು ಒಂದೇ: "ನಿಂಗೇನಪ್ಪಾ, ಪುಕ್ಕಟೆ ಮ್ಯಾಚು, ಅದೂ ಎಲ್ಲರಿಗಿಂತ ಮುಂದೆ ಕೂತು!" ಮ್ಯಾಚು ನೋಡಿದವರ್ಯಾರು ಸ್ವಾಮಿ? ಹಳೇ ಎಸ್‌ಎಲ್‌ಆರ್ ಕ್ಯಾಮೆರಾದಲ್ಲಿ ಕ್ಲಿಕ್ ಆಗುವ ಗಳಿಗೆಗೆ ಒಳಗಿನ ಕನ್ನಡಿ ಮೇಲೇಳುತ್ತದೆ, ಕಣ್ಣ ಮುಂದೆ ಕತ್ತಲೆ. ಗೋಲ್ ಕಣ್ಣಿಗೆ ಕಂಡಿತು ಅಂದರೆ ಫೋಟೋ ತಪ್ಪಿತು ಅಂತಲೇ ಲೆಕ್ಕ. ಈಗಿನವಕ್ಕೆ ಕನ್ನಡಿಯಿಲ್ಲ, ಸೆಕೆಂಡಿಗೆ 20 ಫೋಟೋ ಬರುತ್ತವೆ. ಒಬ್ಬ ಮನುಷ್ಯ ಒಂದೇ ಸೆಕೆಂಡಿನಲ್ಲಿ 20 ಥರ ಮೂತಿ ಸೊಟ್ಟ ಮಾಡಬಲ್ಲ ಎಂದು ನನಗೆ ಗೊತ್ತಾಗಿದ್ದು ಹಾಗೆ. ಅವುಗಳಲ್ಲಿ ಕಣ್ಣು ತೆರೆದಿರುವ ಒಂದನ್ನು ಆರಿಸಿ, ಹೆಸರು ತಪ್ಪಿಲ್ಲದೆ ಬರೆದು, ಐದು ನಿಮಿಷದಲ್ಲಿ ಕಳಿಸಬೇಕು. ತಲೆ ಬಗ್ಗಿಸಿ ಅದನ್ನು ಕಳಿಸುತ್ತಿರುವಾಗಲೇ ಮುಂದಿನ ಗೋಲ್ ಆಗಿರುತ್ತದೆ. ಯಾವಾಗಲೂ.

ಒಮ್ಮೆ 400 ಎಂಎಂ ಲೆನ್ಸ್‌ನಲ್ಲಿ ಕಣ್ಣಿಟ್ಟು ಕೂತಿದ್ದೆ. ಹಳೇ ಮಾದರಿ, ಐದು ಕೆಜಿಗಿಂತ ಜಾಸ್ತಿ ತೂಕ, ಒಂಟಿ ಕಾಲಿನ ಸ್ಟ್ಯಾಂಡ್ ಮೇಲೆ. ಬಾಲ್ ನೇರ ನನ್ನ ಕಡೆಗೇ ಬರುತ್ತಿದೆ. ಆಹಾ, ಎಷ್ಟು ಚೊಕ್ಕ ಫೋಕಸ್! ಹೊಲಿಗೆ ಕಾಣುತ್ತಿದೆ, ಕೆಸರು ಕಾಣುತ್ತಿದೆ, ಬಾಲ್ ದೊಡ್ಡದಾಗುತ್ತಿದೆ, ಇನ್ನೂ ದೊಡ್ಡದಾಗುತ್ತಿದೆ, ಇದು ಮುಖಪುಟಕ್ಕೇ ಅಂತ ಅಂದುಕೊಳ್ಳುತ್ತಿದ್ದೇನೆ... ಢಬ್! ಕಣ್ಣು ಬಿಟ್ಟಾಗ ಆಕಾಶ ನೋಡುತ್ತಾ ಮಲಗಿದ್ದೆ. ಕೊನೆಯ ಫೋಟೋ ಮಾತ್ರ ಮಸುಕು. ಸುಮಾರು ಮೂರು ಮೀಟರಿಗಿಂತ ಹತ್ತಿರ ಬಂದರೆ ಅಂಥ ಲೆನ್ಸು ಫೋಕಸ್ ಮಾಡುವುದಿಲ್ಲ. ಪಕ್ಕದಲ್ಲಿದ್ದವನು ನಾನು ಬೀಳುವುದನ್ನು ಚೆನ್ನಾಗಿ ತೆಗೆದಿದ್ದ. ಅದು ಅಚ್ಚಾಯಿತು.

ಮೊನ್ನೆ ಫೈನಲ್ ಮುಗಿದ ತಕ್ಷಣ ಅಮ್ಮನ ಫೋನ್.

"ಯಾರೋ ಗೆದ್ದಿದ್ದು?"

"ತಡಿ ಅಮ್ಮಾ" ಎಂದು ಕ್ಯಾಮೆರಾದ ಪರದೆಯಲ್ಲಿ ಕೊನೆಯ ಫೋಟೋ ದೊಡ್ಡದು ಮಾಡಿ ನೋಡಿದೆ. "ನೀಲಿ ಅಂಗಿಯವರು ಕುಣೀತಾ ಇದ್ದಾರೆ. ಬಹುಶಃ ಅವರೇ."

"ನೀನು ಎಲ್ಲಿದ್ದೀಯೋ?"

"ಗೋಲ್‌ಪೋಸ್ಟ್ ಹಿಂದೆ."