ಎರ್ಲ್ಯಾಂಗ್ ಪ್ರೋಗ್ರಾಮಿಂಗ್ ಭಾಷೆಯ ಕುರಿತ ಸಂದೇಶ: ಒಂದು ಸ್ಪಷ್ಟನೆ

ದಾವಣಗೆರೆಯ ಎಂಜಿನಿಯರಿಂಗ್ ವಿದ್ಯಾರ್ಥಿಗಳ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ "ಎರ್ಲ್ಯಾಂಗ್ ಭಾಷೆ ದೋಷಪೂರಿತವಾಗಿದ್ದರಿಂದ ಅದನ್ನು ರೂಪಿಸಿದ ಎರಿಕ್ಸನ್ ಕಂಪನಿಯೇ ನಿಷೇಧಿಸಿತು, ಈಗ ಯಾರೂ ಬಳಸುವುದಿಲ್ಲ" ಎಂಬ ಸಂದೇಶ ಹರಿದಾಡುತ್ತಿದೆ. ಇದು ತಪ್ಪು ಮಾಹಿತಿ. 1998ರಲ್ಲಿ ಸ್ವೀಡನ್ನಿನ ದೂರಸಂಪರ್ಕ ಕಂಪನಿ ಎರಿಕ್ಸನ್‌ನ ಒಂದು ವಿಭಾಗವು ಹೊಸ ಉತ್ಪನ್ನಗಳಲ್ಲಿ ಇದರ ಬಳಕೆಯನ್ನು ತಡೆದದ್ದು ನಿಜ. ಆದರೆ ಅದಕ್ಕೆ ಕಾರಣ ಭಾಷೆಯ ದೋಷವಲ್ಲ, ಕಂಪನಿಯ ಸ್ವಂತ ಭಾಷೆಯನ್ನು ನೆಚ್ಚಿಕೊಳ್ಳುವ ಬದಲು ಹೊರಗೆ ಎಲ್ಲರೂ ಬಳಸುವ ಭಾಷೆಗಳಿಗೆ ಹೋಗಬೇಕೆಂಬ ನಿರ್ಧಾರ. ಅದೇ ವರ್ಷದ ಡಿಸೆಂಬರ್‌ನಲ್ಲಿ ಎರ್ಲ್ಯಾಂಗ್ ಮುಕ್ತ ತಂತ್ರಾಂಶವಾಗಿ ಬಿಡುಗಡೆಯಾಯಿತು. ಈ ಸಂದೇಶವನ್ನು ಹೊತ್ತು ತರುತ್ತಿರುವ ವಾಟ್ಸ್‌ಆ್ಯಪ್‌ನ ಸರ್ವರ್‌ಗಳೇ ಎರ್ಲ್ಯಾಂಗ್ ಬಳಸುತ್ತವೆ. ಒಂದೇ ಸರ್ವರ್ 20 ಲಕ್ಷಕ್ಕೂ ಹೆಚ್ಚು ಸಂಪರ್ಕಗಳನ್ನು ನಿಭಾಯಿಸಿದ್ದನ್ನು ವಾಟ್ಸ್‌ಆ್ಯಪ್ ಕಂಪನಿ 2012ರಲ್ಲಿ ತಾನೇ ಪ್ರಕಟಿಸಿತ್ತು.

ಎರ್ಲ್ಯಾಂಗ್ ಜನಪ್ರಿಯವಾಗದಿರಲು ಕಾರಣಗಳು ಬೇರೆ. ಸಿ ಭಾಷೆ ಕಂಪ್ಯೂಟರ್ ನಡೆಸುವ ಕಾರ್ಯಾಚರಣಾ ವ್ಯವಸ್ಥೆಯಾದ ಯುನಿಕ್ಸ್‌ನ ಜೊತೆಗೆ, ಜಾವಾಸ್ಕ್ರಿಪ್ಟ್ 1995ರಿಂದ ಬ್ರೌಸರ್‌ನ ಜೊತೆಗೆ ಹರಡಿದವು (ಜಾವಾಸ್ಕ್ರಿಪ್ಟ್‌ನ ಮೊದಲ ಮಾದರಿ ಹತ್ತೇ ದಿನಗಳಲ್ಲಿ ಸಿದ್ಧವಾದದ್ದು, ಅದನ್ನು ಗೆಲ್ಲಿಸಿದ್ದು ವಿನ್ಯಾಸದ ಸೊಗಸಂತೂ ಅಲ್ಲ). ಎರ್ಲ್ಯಾಂಗ್‌ಗೆ ಅಂಥ ಆಸರೆ ಸಿಗಲಿಲ್ಲ. ಜೊತೆಗೆ, ಎಕ್ಸ್ ಎಂಬ ಚರಾಂಕಕ್ಕೆ ಒಮ್ಮೆ 5 ಎಂದು ಬೆಲೆ ಕೊಟ್ಟರೆ ಅದೇ ಫಂಕ್ಷನ್‌ನಲ್ಲಿ ಮತ್ತೆ ಅದನ್ನು 6 ಮಾಡಲು ಬಿಡದ ಅದರ ನಿಯಮ ಸಿ, ಜಾವಾ ಕಲಿತವರಿಗೆ ಸುಲಭಕ್ಕೆ ಒಗ್ಗುವುದಿಲ್ಲ. ಬಲ್ಲವರು ಕಡಿಮೆಯೆಂದು ಕಂಪನಿಗಳು ಹಿಂಜರಿಯುತ್ತವೆ, ಕೆಲಸ ಕಡಿಮೆಯೆಂದು ವಿದ್ಯಾರ್ಥಿಗಳು ಕಲಿಯುವುದಿಲ್ಲ.

ದಯವಿಟ್ಟು ಆ ಸಂದೇಶವನ್ನು ಮುಂದಕ್ಕೆ ಕಳುಹಿಸಬೇಡಿ. ಈಗಾಗಲೇ ಕಳುಹಿಸಿದ್ದರೆ ಅದೇ ಗುಂಪಿನಲ್ಲಿ ಈ ಸ್ಪಷ್ಟನೆಯನ್ನೂ ಹಾಕಿ.